ಫಾರ್ಮಾಲ್ಡಿಹೈಡ್ ಇಳಿಯುತ್ತಿಲ್ಲವೇ? ರಾಸಾಯನಿಕ ಊಡಿಸಿದ ಇದ್ದಿಲಿನ ಫಿಲ್ಟರಿನಲ್ಲಿ ದೋಷ ಹುಡುಕುವ ಕೈಪಿಡಿ

ಹೊಸ ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಬೀರುಗಳಿರುವ ಕೋಣೆ. ಹಲಗೆಯ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಕಣ್ಣುರಿಸುವ ಅನಿಲ ಸೋರುತ್ತಿದೆ. ಕಾರ್ಬನ್ ಫಿಲ್ಟರ್ ಹಗಲೂ ರಾತ್ರಿ ಓಡುತ್ತಿದೆ. ಆದರೂ ಕಣ್ಣುರಿ ನಿಂತಿಲ್ಲ, ಮೀಟರಿನ ಅಂಕಿ ಕದಲಿಲ್ಲ. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಇದ್ದಿಲಿನ ಮೇಲೆ ತಪ್ಪು ಹೊರಿಸಿ ಹೊಸದನ್ನು ತುಂಬಿಸಿಬಿಡುತ್ತಾರೆ. ಬಹಳ ಸಲ ಇದ್ದಿಲು ಚೆನ್ನಾಗಿಯೇ ಇರುತ್ತದೆ. ದೋಷ ಮೀಟರಿನಲ್ಲೋ, ಚೌಕಟ್ಟಿನ ಸಂದಿನಲ್ಲೋ, ಫ್ಯಾನಿನ ವೇಗದಲ್ಲೋ ಇರುತ್ತದೆ. ಹಾಗಾಗಿ ಇಲ್ಲಿ ಇದ್ದಿಲಿನ ಪರೀಕ್ಷೆ ಬರುವುದು ತಡವಾಗಿ. ಮೊದಲು ಸುಲಭದ, ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ.

ಒಂದು ವಿಷಯ ಮೊದಲೇ ಖಚಿತವಾಗಿರಲಿ: ನಿಮ್ಮ ಫಿಲ್ಟರಿನಲ್ಲಿರುವುದು ಬರಿಯ ಸಕ್ರಿಯ ಇದ್ದಿಲೋ, ರಾಸಾಯನಿಕ ಊಡಿಸಿದ (ರಂಧ್ರಗಳಿಗೆ ರಾಸಾಯನಿಕದ ದ್ರಾವಣ ಕುಡಿಸಿ ಒಣಗಿಸಿದ) ಇದ್ದಿಲೋ? ಬರಿಯ ಇದ್ದಿಲಾದರೆ ಮುಂದಿನ ಹುಡುಕಾಟಕ್ಕೆ ಅರ್ಥವೇ ಇಲ್ಲ. ಫಾರ್ಮಾಲ್ಡಿಹೈಡ್ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ, ಅಣುತೂಕ 30 ಮಾತ್ರ ಇರುವ ಪುಟ್ಟ ಧ್ರುವೀಯ ಅಣು. ಬೆಂಜೀನ್, ಟಾಲ್ಯೂನ್‌ಗಳಂತೆ ಅದು ಇದ್ದಿಲಿನ ರಂಧ್ರಗಳಲ್ಲಿ ಬಿಗಿಯಾಗಿ ಕೂರುವುದಿಲ್ಲ. ಹಿಡಿದದ್ದನ್ನೂ ಬಿಸಿ ಏರಿದಾಗ, ತೇವ ಹೆಚ್ಚಿದಾಗ ಇದ್ದಿಲು ಬಿಟ್ಟುಕೊಡುತ್ತದೆ. ಅದನ್ನು ಕಟ್ಟಿಹಾಕಲು ರಾಸಾಯನಿಕ ಕ್ರಿಯೆಯೇ ಬೇಕು. ಬಳಕೆಯಲ್ಲಿರುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಹೆಕ್ಸಾಮಿಥಿಲೀನ್ ಡೈಅಮೈನ್, ಪಾಲಿಎಥಿಲೀನ್ ಇಮೈನ್, ಯೂರಿಯಾ ಮುಂತಾದ ಸಾರಜನಕದ ಸಂಯುಕ್ತಗಳನ್ನು (ಮುಂದೆ ಇದನ್ನು ಅಮೈನ್ ಬಗೆ ಎನ್ನುತ್ತೇವೆ) ಊಡಿಸಿ, ಆಲ್ಡಿಹೈಡ್ ಗುಂಪನ್ನು ಅವುಗಳಿಗೆ ಬೆಸೆಯುವುದು. ಇನ್ನೊಂದು, ಪರ್ಮಾಂಗನೇಟ್ ಅಥವಾ ಮ್ಯಾಂಗನೀಸ್ ಡೈಆಕ್ಸೈಡ್ ಬಳಸಿ ಉತ್ಕರ್ಷಿಸುವುದು. ದೋಷದ ಲಕ್ಷಣಗಳು ಇವೆರಡರಲ್ಲಿ ಬೇರೆಬೇರೆ. ಆದ್ದರಿಂದ ಚೀಲದ ಮೇಲಿನ ಬರಹವನ್ನು ಓದಿಕೊಂಡೇ ಮುಂದುವರಿಯಿರಿ.

ಮೊದಲ ಅನುಮಾನ ಮೀಟರಿನ ಮೇಲೆ

ಅಂಗೈಯಗಲದ ಅಗ್ಗದ ಮೀಟರುಗಳಲ್ಲಿ ಹಲವು ಫಾರ್ಮಾಲ್ಡಿಹೈಡನ್ನು ಅಳೆಯುವುದೇ ಇಲ್ಲ. ಲೋಹದ ಆಕ್ಸೈಡಿನ ಸಂವೇದಕ ಒಟ್ಟಾರೆ ಆವಿಗಳಿಗೆ ಸ್ಪಂದಿಸುತ್ತದೆ. ಅದರಿಂದ ಒಂದು ಅಂಕಿಯನ್ನು ಲೆಕ್ಕಹಾಕಿ ಫಾರ್ಮಾಲ್ಡಿಹೈಡ್ ಎಂದು ಪರದೆಯ ಮೇಲೆ ತೋರಿಸುತ್ತಾರೆ. ವಿದ್ಯುದ್ರಾಸಾಯನಿಕ ಕೋಶವಿರುವ ಮೀಟರ್ ವಾಸಿ. ಆದರೆ ಅದೂ ಆಲ್ಕೊಹಾಲ್ ಮತ್ತು ಕಾರ್ಬನ್ ಮೊನಾಕ್ಸೈಡಿಗೆ ಸ್ಪಂದಿಸುತ್ತದೆ. ತೇವಾಂಶ ತಟ್ಟನೆ ಬದಲಾದರೂ ಕೆಲವು ನಿಮಿಷ ಅಂಕಿ ಅಲ್ಲಾಡುತ್ತದೆ.

ಪರೀಕ್ಷೆ ಸರಳ. ಹತ್ತಿಯ ತುಂಡಿಗೆ ಎರಡು ಹನಿ ಸ್ಪಿರಿಟ್ ಹಾಕಿ ಮೀಟರಿನಿಂದ 30 ಸೆಂ.ಮೀ. ದೂರದಲ್ಲಿ ಹಿಡಿಯಿರಿ. ಅಂಕಿ ಜಿಗಿದರೆ, ಕೈಗೆ ಹಚ್ಚಿದ ಸ್ಯಾನಿಟೈಸರ್, ಸುಗಂಧದ ಸ್ಪ್ರೇ, ನೆಲ ಒರೆಸಿದ ದ್ರಾವಣ ಎಲ್ಲವೂ ನಿಮ್ಮ ಮೀಟರಿಗೆ ಫಾರ್ಮಾಲ್ಡಿಹೈಡ್ ಆಗಿಯೇ ಕಾಣುತ್ತವೆ ಎಂದು ತಿಳಿಯಿರಿ. ಆಮೇಲೆ ಮೀಟರನ್ನು ತೆರೆದ ಬಯಲಿನಲ್ಲಿ ಅರ್ಧ ಗಂಟೆ ಇಟ್ಟು ನೋಡಿ. ಅಲ್ಲಿಯೂ 0.05 ಮಿ.ಗ್ರಾಂ./ಘನ ಮೀಟರ್‌ಗಿಂತ ಹೆಚ್ಚು ತೋರಿಸುತ್ತಿದ್ದರೆ ಅದರ ಸೊನ್ನೆ ಸರಿದಿದೆ ಎಂದು ಲೆಕ್ಕ. ಅಂಥ ಮೀಟರಿನಿಂದ ಏರಿಳಿತವನ್ನು ಗಮನಿಸಬಹುದೇ ಹೊರತು ತೀರ್ಪು ಕೊಡಲಾಗದು.

ತೀರ್ಪಿಗೆ ಬೇಕಾದ ಅಳತೆಗೆ ಎರಡು ವಿಧಾನಗಳುಂಟು. ಐಎಸ್‌ಒ 16000-3 ಮಾನದಂಡ ಹೇಳುವ ಡಿಎನ್‌ಪಿಎಚ್ (ಫಾರ್ಮಾಲ್ಡಿಹೈಡನ್ನು ಬೆಸೆದು ಹಿಡಿಯುವ ಕಾರಕ) ನಳಿಕೆಯ ವಿಧಾನದಲ್ಲಿ ಪಂಪಿನಿಂದ ನಿಮಿಷಕ್ಕೆ 1 ಲೀಟರಿನಂತೆ ಒಂದು ಗಂಟೆ ಗಾಳಿ ಎಳೆದು, ನಳಿಕೆಯನ್ನು ಎಚ್‌ಪಿಎಲ್‌ಸಿ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಇರುವ ಪ್ರಯೋಗಾಲಯಕ್ಕೆ ಕಳಿಸಬೇಕು. ಗಾಳಿಯಲ್ಲಿ ಓಝೋನ್ ಇದ್ದರೆ ನಳಿಕೆಯ ಮುಂದೆ ಪೊಟ್ಯಾಸಿಯಂ ಅಯೊಡೈಡಿನ ಜಾಲಕ ಇರಲೇಬೇಕು, ಇಲ್ಲದಿದ್ದರೆ ಫಲಿತಾಂಶ ಕಡಿಮೆ ಬರುತ್ತದೆ. ತೆರೆದು ಗಾಳಿ ಎಳೆಯದೆ ಮುಚ್ಚಿದ ಖಾಲಿ ನಳಿಕೆಯೊಂದನ್ನೂ ಜೊತೆಗೆ ಕಳಿಸಿ.

ಸಣ್ಣ ಪ್ರಯೋಗಾಲಯವಿದ್ದರೆ ಅಸಿಟೈಲ್ ಅಸಿಟೋನ್ ವಿಧಾನ ಸಾಕು. ಒಂದು ಲೀಟರ್ ನೀರಿನಲ್ಲಿ ಅಮೋನಿಯಂ ಅಸಿಟೇಟ್ 150 ಗ್ರಾಂ, ಅಸಿಟಿಕ್ ಆಮ್ಲ 3 ಮಿ.ಲೀ., ಅಸಿಟೈಲ್ ಅಸಿಟೋನ್ 2 ಮಿ.ಲೀ. ಬೆರೆಸಿ ಕಾರಕವನ್ನು ಮಾಡಿಟ್ಟುಕೊಳ್ಳಿ. 5 ಮಿ.ಲೀ. ಶುದ್ಧ ನೀರಿನ ಮೂಲಕ 30 ಲೀಟರ್ ಗಾಳಿಯನ್ನು ಗುಳ್ಳೆಗಳಾಗಿ ಹಾಯಿಸಿ. ಅಷ್ಟರಲ್ಲಿ ಆವಿಯಾಗಿ ಕಡಿಮೆಯಾದ ನೀರನ್ನು ತುಂಬಿ ಮತ್ತೆ 5 ಮಿ.ಲೀ. ಮಾಡಿ. ಅಷ್ಟೇ ಕಾರಕ ಸೇರಿಸಿ 60 ಡಿಗ್ರಿಯಲ್ಲಿ 10 ನಿಮಿಷ ಇಟ್ಟು, ತಣಿದ ಮೇಲೆ ಹಳದಿ ಬಣ್ಣವನ್ನು 412 ನ್ಯಾನೋಮೀಟರಿನಲ್ಲಿ ಅಳೆಯಿರಿ. ಗಾಳಿಯಲ್ಲಿ 0.1 ಮಿ.ಗ್ರಾಂ./ಘನ ಮೀಟರ್ ಇದ್ದು ಪೂರ್ತಿ ನೀರಿಗಿಳಿದರೆ 1 ಸೆಂ.ಮೀ. ಕೋಶದಲ್ಲಿ ಬೆಳಕಿನ ಹೀರಿಕೆ (ಅಬ್ಸಾರ್ಬೆನ್ಸ್) ಸುಮಾರು 0.08 ಬರುತ್ತದೆ. ಇದು ಚಿಕ್ಕ ಅಂಕಿ, ಹಾಗಾಗಿ ಖಾಲಿ ಮಾದರಿಯ (ಗಾಳಿ ಹಾಯಿಸದ ನೀರಿಗೆ ಕಾರಕ ಸೇರಿಸಿದ್ದು) ಅಂಕಿಯನ್ನು ಕಳೆಯದೆ ಏನನ್ನೂ ಹೇಳಬೇಡಿ.

ಅಂಕಿಗಳನ್ನು ಹೋಲಿಸುವಾಗ ಏಕಮಾನವನ್ನು ಗಮನಿಸಿ. 25 ಡಿಗ್ರಿಯಲ್ಲಿ 1 ಪಿಪಿಎಂ ಎಂದರೆ 1.23 ಮಿ.ಗ್ರಾಂ./ಘನ ಮೀಟರ್. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಳಾಂಗಣಕ್ಕೆ ಹೇಳಿದ ಮಿತಿ 30 ನಿಮಿಷದ ಸರಾಸರಿಯಲ್ಲಿ 0.1 ಮಿ.ಗ್ರಾಂ./ಘನ ಮೀಟರ್, ಅಂದರೆ ಸುಮಾರು 0.08 ಪಿಪಿಎಂ. ಮೀಟರ್ 0.1 ತೋರಿಸುತ್ತಿದೆ ಎಂದಷ್ಟೇ ಹೇಳಿದರೆ ಯಾವ 0.1 ಎಂದು ಕೇಳಬೇಕಾಗುತ್ತದೆ.

ಒಳಬಾಯಿ, ಹೊರಬಾಯಿ: ಒಂದೇ ಹೊತ್ತಿನಲ್ಲಿ ಎರಡು ಅಳತೆ

ಕೋಣೆಯ ನಡುವೆ ನಿಂತು ಅಳೆದರೆ ಫಿಲ್ಟರಿನ ದೋಷವೂ ಕೋಣೆಯ ದೋಷವೂ ಕಲಸಿಹೋಗುತ್ತವೆ. ಫಿಲ್ಟರಿನ ಒಳಬಾಯಿಯಲ್ಲಿ ಒಂದು, ಹೊರಬಾಯಿಯಲ್ಲಿ ಒಂದು ಮಾದರಿಯನ್ನು ಒಂದೇ ಹೊತ್ತಿನಲ್ಲಿ ತೆಗೆಯಿರಿ. ಹೊರಬಾಯಿಯ ಮಾದರಿಗೆ ಕೋಣೆಯ ಗಾಳಿ ಬೆರೆಯದ ಹಾಗೆ ರಟ್ಟಿನ ಕೊಳವೆಯ ಬದಲು ಅಲ್ಯುಮಿನಿಯಂ ಹಾಳೆಯ ಚಿಕ್ಕ ಕೊಳವೆ ಕಟ್ಟಿ, ಅದರ ಒಳಗಿನಿಂದ ಗಾಳಿ ಎಳೆಯಿರಿ. ರಟ್ಟು, ರಬ್ಬರು ಎರಡೂ ಫಾರ್ಮಾಲ್ಡಿಹೈಡನ್ನು ಹೀರಿ ಲೆಕ್ಕ ಕೆಡಿಸುತ್ತವೆ. ಒಳಬಾಯಿಯಿಂದ ಹೊರಬಾಯಿಗೆ ಎಷ್ಟು ಕಡಿಮೆಯಾಯಿತೋ ಅದನ್ನು ಒಳಬಾಯಿಯ ಅಂಕಿಯಿಂದ ಭಾಗಿಸಿ. ಗಾಳಿ ಒಮ್ಮೆ ಹಾದುಹೋಗುವಾಗಿನ ದಕ್ಷತೆ ಅದೇ.

ದಕ್ಷತೆ 70-80 ಶೇಕಡಾ ಇದ್ದೂ ಕೋಣೆಯ ಅಂಕಿ ಇಳಿಯದಿದ್ದರೆ ಫಿಲ್ಟರಿನಲ್ಲಿ ತಪ್ಪಿಲ್ಲ. ಕೆಳಗೆ ಕೋಣೆಯ ಲೆಕ್ಕ ಇದೆ, ನೇರ ಅಲ್ಲಿಗೆ ಹೋಗಿ.

ದಕ್ಷತೆ ಕಡಿಮೆಯಿದ್ದರೆ ಅಳತೆಯನ್ನು ಅಲ್ಲಿಗೇ ನಿಲ್ಲಿಸಬೇಡಿ. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿ ಮತ್ತೊಮ್ಮೆ ಅಳೆಯಿರಿ. ಈ ಎರಡನೇ ಅಳತೆಯೇ ಇಡೀ ಹುಡುಕಾಟದ ಕೀಲಿ. ವೇಗ ಇಳಿಸಿದಾಗ ದಕ್ಷತೆ ಚೆನ್ನಾಗಿ ಏರಿದರೆ ಗಾಳಿಗೆ ಇದ್ದಿಲಿನ ಜೊತೆ ಇರಲು ಸಮಯ ಸಾಲುತ್ತಿಲ್ಲ. ಏರದಿದ್ದರೆ, ಅಥವಾ ಇನ್ನಷ್ಟು ಕೆಳಗಿಳಿದರೆ, ಗಾಳಿ ಇದ್ದಿಲನ್ನು ಮುಟ್ಟದೆ ಪಕ್ಕದ ಸಂದಿನಲ್ಲಿ ನುಸುಳುತ್ತಿದೆ. ಕಾರಣ ಹೀಗೆ: ಇದ್ದಿಲಿನ ಪದರದಲ್ಲಿ ಗಾಳಿಯ ಹರಿವು ಒತ್ತಡಕ್ಕೆ ಸರಿಸಮನಾಗಿ ಇಳಿಯುತ್ತದೆ, ಸಂದಿನಲ್ಲಾದರೆ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಮಾತ್ರ. ಒತ್ತಡ ಅರ್ಧವಾದಾಗ ಪದರದ ಹರಿವು ಅರ್ಧಕ್ಕೆ ಬರುತ್ತದೆ, ಸಂದಿನ ಹರಿವು 0.7ರಷ್ಟು ಉಳಿಯುತ್ತದೆ. ಹೀಗೆ ಸಂದಿನ ಪಾಲು ಹೆಚ್ಚುತ್ತದೆ.

ಕಾಲದ ಜೊತೆ ದಕ್ಷತೆ ಹೇಗೆ ಬದಲಾಯಿತು ಎಂಬುದನ್ನೂ ನೋಡಿ. ಮೊದಲ ದಿನದಿಂದಲೂ ಒಂದೇ ಸಮನೆ ಕಡಿಮೆ ಇದ್ದರೆ ಸಂದು ಅಥವಾ ಸಮಯದ ದೋಷ. ಚೆನ್ನಾಗಿದ್ದು ವಾರಗಳಲ್ಲಿ ಮೆಲ್ಲಗೆ ಇಳಿದರೆ ಊಡಿಸಿದ ರಾಸಾಯನಿಕ ತೀರುತ್ತಿದೆ. ಮಳೆಯ ದಿನ ಕೆಟ್ಟು ಒಣ ದಿನ ಸರಿಹೋದರೆ ತೇವದ ಕೆಲಸ.

ಸಂದು

ಎರಡು ಮಿಲಿಮೀಟರ್ ಸಂದಿನಿಂದ ಏನಾದೀತು ಎಂದು ಬಿಡುವವರೇ ಹೆಚ್ಚು, ಆದ್ದರಿಂದ ಲೆಕ್ಕ ಮಾಡಿಯೇ ತೋರಿಸುತ್ತೇವೆ. 40×60 ಸೆಂ.ಮೀ. ಪಟ್ಟಿಯ (ಇದ್ದಿಲು ತುಂಬಿದ ಚಪ್ಪಟೆ ಫಿಲ್ಟರಿನ) ಸುತ್ತಳತೆ 2 ಮೀಟರ್. ಸುತ್ತಲೂ 2 ಮಿ.ಮೀ. ಸಂದಿದ್ದರೆ ಅದರ ವಿಸ್ತೀರ್ಣ 40 ಚದರ ಸೆಂ.ಮೀ., ಪಟ್ಟಿಯ ವಿಸ್ತೀರ್ಣದ 1.7 ಶೇಕಡಾ ಮಾತ್ರ. ಆದರೆ ಪಟ್ಟಿಯ ಎರಡು ಬದಿಗಳ ನಡುವೆ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸವಿದ್ದರೆ ಆ ಸಂದಿನಲ್ಲಿ ಗಾಳಿ ಸೆಕೆಂಡಿಗೆ 5 ಮೀಟರಿಗೂ ಮೇಲ್ಪಟ್ಟು ನುಗ್ಗುತ್ತದೆ, ಗಂಟೆಗೆ ಸುಮಾರು 80 ಘನ ಮೀಟರ್. ಇದ್ದಿಲಿನ ಮೂಲಕ ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಹೋಗುವುದು ಗಂಟೆಗೆ 260 ಘನ ಮೀಟರ್. ಒಟ್ಟು ಗಾಳಿಯ ಹತ್ತಿರಹತ್ತಿರ ಕಾಲುಭಾಗ ಶುದ್ಧಿಯಾಗದೆ ಹೊರಬಂತು. ಎಷ್ಟೇ ಒಳ್ಳೆಯ ಇದ್ದಿಲು ತುಂಬಿದರೂ ದಕ್ಷತೆ 77 ಶೇಕಡಾ ದಾಟುವುದಿಲ್ಲ.

ಹುಡುಕಲು ಫಿಲ್ಟರನ್ನು ಅದರ ಚೌಕಟ್ಟಿನಲ್ಲೇ ಕೂರಿಸಿ, ಕೋಣೆ ಕತ್ತಲು ಮಾಡಿ, ಒಂದು ಬದಿಯಿಂದ ಟಾರ್ಚ್ ಬಿಡಿ. ಇನ್ನೊಂದು ಬದಿಯಲ್ಲಿ ಬೆಳಕಿನ ಗೆರೆ ಕಂಡಲ್ಲೆಲ್ಲ ಗಾಳಿಯೂ ಹೋಗುತ್ತದೆ. ಹೊಗೆ ಬಿಟ್ಟು ನೋಡುವ ಅಭ್ಯಾಸ ಬೇಡ. ಉರಿಯುವ ವಸ್ತು ತಾನೇ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಅಂದಿನ ಅಳತೆ ಹಾಳು. ಅಂಚಿಗೆ ಮುಚ್ಚಿದ ರಂಧ್ರಗಳ 5 ಮಿ.ಮೀ. ಫೋಮ್ ಪಟ್ಟಿ ಅಂಟಿಸಿ, ಅದು 3 ಮಿ.ಮೀ.ಗೆ ಅದುಮುವಷ್ಟು ಬಿಗಿ ಮಾಡಿ.

ಎಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವ ಸಂದು ಪಟ್ಟಿಯ ಒಳಗೇ ಇರುತ್ತದೆ. ನೆಟ್ಟಗೆ ನಿಲ್ಲಿಸಿದ ಪಟ್ಟಿಯಲ್ಲಿ ಸಾಗಾಣಿಕೆಯ ಕುಲುಕಾಟಕ್ಕೆ, ಫ್ಯಾನಿನ ಕಂಪನಕ್ಕೆ ಕಾಳುಗಳು ಕುಗ್ಗಿ ಮೇಲ್ಭಾಗ ಖಾಲಿಯಾಗುತ್ತದೆ. ಹೊರಗಿನ ಬಟ್ಟೆಯ ಹೊದಿಕೆ ಅದನ್ನು ಮರೆಮಾಡುತ್ತದೆ. ಪಟ್ಟಿಯನ್ನು ಅಲುಗಿಸಿದಾಗ ಗಲಗಲ ಸದ್ದು ಬಂದರೆ ಜಾಗ ಖಾಲಿ ಇದೆ ಎಂದೇ ಅರ್ಥ. ತುಂಬುವಾಗ ಒಮ್ಮೆಗೇ ಸುರಿಯಬೇಡಿ; ಎತ್ತರದಿಂದ ತೆಳುಧಾರೆಯಾಗಿ ಸುರಿಯುತ್ತಾ, ಪ್ರತಿ ಮೂರನೇ ಒಂದು ಭಾಗಕ್ಕೆ ಪಟ್ಟಿಯ ಬದಿಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಕೊನೆಗೆ ಮೇಲೆ ಫೋಮ್ ಪಟ್ಟಿ ಇಟ್ಟು ಒತ್ತಿ ಮುಚ್ಚಿದರೆ ಮುಂದೆ ಕುಗ್ಗಿದರೂ ಫೋಮ್ ಹಿಗ್ಗಿ ಜಾಗ ತುಂಬುತ್ತದೆ.

ಸಮಯ ಸಾಲದ ಇದ್ದಿಲು

ಇದ್ದಿಲಿನ ಗಾತ್ರವನ್ನು ಗಾಳಿಯ ಹರಿವಿನಿಂದ ಭಾಗಿಸಿದರೆ ಸಂಪರ್ಕದ ಸಮಯ ಸಿಗುತ್ತದೆ. ಸಡಿಲವಾಗಿ ತುಂಬಿದ ಇದ್ದಿಲು ಲೀಟರಿಗೆ ಸುಮಾರು ಅರ್ಧ ಕಿಲೋ ತೂಗುತ್ತದೆ. ಮನೆಬಳಕೆಯ ಯಂತ್ರದಲ್ಲಿ 200 ಗ್ರಾಂ ಇದ್ದಿಲು, ಗಂಟೆಗೆ 300 ಘನ ಮೀಟರ್ ಗಾಳಿ ಇದ್ದರೆ ಸಮಯ 5 ಮಿಲಿಸೆಕೆಂಡ್. ಅಷ್ಟರಲ್ಲಿ ಕಾಳಿನ ಹೊರಮೈಗೆ ತಲುಪುವುದೇ ಕಷ್ಟ, ಒಳಗಿನ ರಂಧ್ರಗಳಿಗೆ ಇಳಿದು ಕ್ರಿಯೆ ನಡೆಸುವುದಂತೂ ದೂರದ ಮಾತು. 2 ಕಿಲೋ ಇದ್ದಿಲು, ಗಂಟೆಗೆ 150 ಘನ ಮೀಟರ್ ಆದರೆ ಸಮಯ 96 ಮಿಲಿಸೆಕೆಂಡ್. ಊಡಿಸಿದ ಇದ್ದಿಲಿಗೆ 50ರಿಂದ 100 ಮಿಲಿಸೆಕೆಂಡ್ ಕೊಡುವ ಗುರಿ ಇಟ್ಟುಕೊಳ್ಳಿ.

ಫ್ಯಾನಿನ ಶಕ್ತಿ ಕಡಿಮೆಯಿದ್ದು ಪದರ ದಪ್ಪ ಮಾಡಲಾಗದಿದ್ದರೆ ಪಟ್ಟಿಗಳನ್ನು ವಿ ಆಕಾರದಲ್ಲಿ ಜೋಡಿಸಿ ಮುಖದ ವಿಸ್ತೀರ್ಣ ಹೆಚ್ಚಿಸಿ. 4 ಮಿ.ಮೀ. ಕಡ್ಡಿಗಳ ಬದಲು 2 ಮಿ.ಮೀ. ಕಾಳು ಬಳಸಿದರೆ ಅನಿಲ ಒಳಸೇರುವ ದಾರಿ ಚಿಕ್ಕದಾಗಿ ದಕ್ಷತೆ ಏರುತ್ತದೆ, ಆದರೆ ಒತ್ತಡದ ನಷ್ಟವೂ ಹೆಚ್ಚುತ್ತದೆ. ಇದ್ದಿಲಿನ ಮುಂದೆ ಧೂಳಿನ ಫಿಲ್ಟರ್ ಇಲ್ಲದಿದ್ದರೆ ಕಾಳುಗಳ ನಡುವೆ ಧೂಳು ಕಟ್ಟಿ ಗಾಳಿ ಎಲ್ಲೋ ಒಂದೆರಡು ಕಾಲುವೆಗಳಲ್ಲಿ ಮಾತ್ರ ಹರಿಯತೊಡಗುತ್ತದೆ. ಬೀರುವಿನೊಳಗೆ ಇಡುವ ಇದ್ದಿಲಿನ ಚೀಲಗಳ ಬಗ್ಗೆ ಇಷ್ಟೇ ಹೇಳಬಹುದು: ಗಾಳಿಯನ್ನು ತಳ್ಳುವ ಫ್ಯಾನಿಲ್ಲದೆ ಅವು ಇಡೀ ಕೋಣೆಗೆ ಏನೂ ಮಾಡಲಾರವು.

ತೇವ

ಬರಿಯ ಇದ್ದಿಲು ಸಾಪೇಕ್ಷ ಆರ್ದ್ರತೆ 50 ಶೇಕಡಾ ದಾಟಿದ ಮೇಲೆ ನೀರಾವಿಯನ್ನು ರಭಸದಿಂದ ಹೀರುತ್ತದೆ. ನೈಟ್ರಿಕ್ ಆಮ್ಲದಿಂದ ಮೈ ಉತ್ಕರ್ಷಿಸಿದ ಇದ್ದಿಲು, ಲವಣ ಅಥವಾ ಅಮೈನ್ ಊಡಿಸಿದ ಇದ್ದಿಲು ಅದಕ್ಕೂ ಮೊದಲೇ ಶುರುಮಾಡುತ್ತವೆ. ರಂಧ್ರದಲ್ಲಿ ನೀರು ನಿಂತರೆ ಅನಿಲ ಒಳಗೆ ಹೋಗುವ ದಾರಿ ಮುಚ್ಚುತ್ತದೆ. ಹಾಗೆಂದು ಗಾಳಿಯನ್ನು ಒಣಗಿಸಿಬಿಡಿ ಎನ್ನಲಾಗದು: ಪರ್ಮಾಂಗನೇಟಿನ ಕ್ರಿಯೆಗೆ ಸ್ವಲ್ಪ ನೀರು ಬೇಕೇ ಬೇಕು, ತೀರಾ ಒಣ ಗಾಳಿಯಲ್ಲಿ ಅದು ಮಂಕಾಗುತ್ತದೆ. 40ರಿಂದ 60 ಶೇಕಡಾ ಆರ್ದ್ರತೆ ಎರಡೂ ಬಗೆಗೆ ಹೊಂದುತ್ತದೆ. ಕಡಿಮೆ ಆರ್ದ್ರತೆಯಿಂದ ಇನ್ನೊಂದು ಲಾಭವೂ ಉಂಟು. ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ನೀರಿನಿಂದ ಒಡೆದೇ ಅನಿಲ ಬಿಡುವುದರಿಂದ ಮೂಲವೂ ತಗ್ಗುತ್ತದೆ.

ಇದ್ದಿಲು ನೀರು ಕುಡಿದಿದೆಯೇ ಎಂದು ತಿಳಿಯಲು ಪಟ್ಟಿಯನ್ನು ತೂಗಿ. ತುಂಬಿದ ದಿನದ ತೂಕ ಬರೆದಿಟ್ಟಿದ್ದರೆ ಸಾಕು. 2 ಕಿಲೋ ಇದ್ದಿಲು 400 ಗ್ರಾಂ ಭಾರವಾಗಿದ್ದರೆ ಅದರಲ್ಲಿ ಬಹುಪಾಲು ನೀರೇ, ಏಕೆಂದರೆ ಅಷ್ಟು ಫಾರ್ಮಾಲ್ಡಿಹೈಡ್ ಯಾವ ಕೋಣೆಯಲ್ಲೂ ಇರುವುದಿಲ್ಲ. ತುಂಬುವ ದಿನವೇ ತೂಕವನ್ನು ಚೌಕಟ್ಟಿನ ಮೇಲೆ ಬರೆದಿಡಿ.

ಈಗ ಇದ್ದಿಲಿನ ಸರದಿ

ಅಮೈನ್ ಬಗೆಗೆ ಪಿಎಚ್ ಪರೀಕ್ಷೆ ಮಾಡಿ. ಫಿಲ್ಟರಿನ ಒಳಬಾಯಿಯ ಬದಿಯಿಂದ ಮತ್ತು ಹೊರಬಾಯಿಯ ಬದಿಯಿಂದ ಎರಡೆರಡು ಗ್ರಾಂ ಕಾಳು ತೆಗೆದು, ಬೇರೆಬೇರೆಯಾಗಿ 50 ಮಿ.ಲೀ. ಶುದ್ಧ ನೀರಿನಲ್ಲಿ ಅರ್ಧ ಗಂಟೆ ಅಲುಗಿಸಿ ಪಿಎಚ್ ನೋಡಿ. ಊಡಿಸದ ಮೂಲ ಇದ್ದಿಲನ್ನೂ ಹೀಗೆಯೇ ಪರೀಕ್ಷಿಸಿ, ಇಲ್ಲದಿದ್ದರೆ ಬೂದಿಯ ಕ್ಷಾರ ನಿಮ್ಮನ್ನು ದಾರಿ ತಪ್ಪಿಸುತ್ತದೆ. ತಾಜಾ ಅಮೈನ್ ಇದ್ದಿಲಿನ ನೀರು ಸ್ಪಷ್ಟವಾಗಿ ಕ್ಷಾರೀಯ. ಒಳಬಾಯಿಯ ಕಾಳು ಮೂಲ ಇದ್ದಿಲಿನ ಮಟ್ಟಕ್ಕಿಳಿದು ಹೊರಬಾಯಿಯದು ಇನ್ನೂ ಕ್ಷಾರೀಯವಾಗಿದ್ದರೆ ಪದರ ಸರಿಯಾದ ಕ್ರಮದಲ್ಲೇ ತೀರುತ್ತಿದೆ. ಎರಡೂ ಒಟ್ಟಿಗೆ ಇಳಿದಿದ್ದರೆ ಒಂದೋ ಪದರ ಪೂರ್ತಿ ತೀರಿದೆ, ಇಲ್ಲವೇ ಬಳಕೆಗೆ ಮೊದಲೇ ಅಮೈನ್ ಹೋಗಿತ್ತು: ಒಣಗಿಸುವಾಗ ಆವಿಯಾಯಿತು, ಇಲ್ಲವೇ ತೆರೆದ ಚೀಲದಲ್ಲಿ ಗಾಳಿಯ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡಿಗೆ ಮೈಯೊಡ್ಡಿ ಕೆಟ್ಟಿತು.

ಇಂಗಾಲದ ಡೈಆಕ್ಸೈಡನ್ನು ಹಗುರವಾಗಿ ಕಾಣಬೇಡಿ. ಮುಚ್ಚಿದ ಕೋಣೆಯಲ್ಲಿ ಅದು 1000 ಪಿಪಿಎಂ, ಫಾರ್ಮಾಲ್ಡಿಹೈಡ್ 0.1 ಪಿಪಿಎಂ, ಹತ್ತು ಸಾವಿರ ಪಟ್ಟು ವ್ಯತ್ಯಾಸ. ಅಮೈನಿನ ಜೊತೆ ಅದರ ನಂಟು ಸಡಿಲ, ಮತ್ತೆ ಬಿಟ್ಟುಹೋಗಬಲ್ಲದು, ಆದರೂ ಜಾಗ ಹಿಡಿದು ಕೂರುತ್ತದೆ. ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್‌ಗಳಂಥ ಆಮ್ಲೀಯ ಅನಿಲಗಳಾದರೆ ಅಮೈನನ್ನು ಲವಣ ಮಾಡಿ ಶಾಶ್ವತವಾಗಿ ಕೆಡಿಸುತ್ತವೆ. ವಾಹನದ ಹೊಗೆ ಬರುವ ಕಟ್ಟಡಗಳಲ್ಲಿ ಮುಂದೆ ಬರಿಯ ಇದ್ದಿಲಿನ ಒಂದು ಪದರ ಇಡುವುದು ಇದಕ್ಕೇ.

ಎಷ್ಟು ಅಮೈನ್ ಉಳಿದಿದೆ ಎಂದು ಅಂಕಿಯಲ್ಲೇ ಬೇಕಿದ್ದರೆ 1 ಗ್ರಾಂ ಇದ್ದಿಲನ್ನು 50 ಮಿ.ಲೀ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದು ದಿನ ಅಲುಗಿಸಿ, ಸೋಸಿ, ಉಳಿದ ಆಮ್ಲವನ್ನು ಕ್ಷಾರದಿಂದ ಅಳೆಯಿರಿ. ಹೆಕ್ಸಾಮಿಥಿಲೀನ್ ಡೈಅಮೈನ್ 10 ಶೇಕಡಾ ಊಡಿಸಿದ್ದರೆ ಮೂಲ ಇದ್ದಿಲಿಗಿಂತ ಗ್ರಾಂಗೆ ಸುಮಾರು 1.7 ಮಿಲಿಮೋಲ್ ಹೆಚ್ಚು ಆಮ್ಲ ಖರ್ಚಾಗಬೇಕು. ಆದರೆ ಈ ಪರೀಕ್ಷೆ ಹೊಸ ಇದ್ದಿಲಿಗೆ ಮಾತ್ರ. ಬಳಸಿದ ಇದ್ದಿಲನ್ನು ಆಮ್ಲಕ್ಕೆ ಹಾಕಿದರೆ ಫಾರ್ಮಾಲ್ಡಿಹೈಡಿಗೆ ಬೆಸೆದುಕೊಂಡ ಅಮೈನಿನ ಒಂದು ಪಾಲು ಬಿಡುಗಡೆಯಾಗಿ, ತೀರಿದ ಇದ್ದಿಲು ಇನ್ನೂ ಜೀವಂತವಿದ್ದಂತೆ ಕಾಣುತ್ತದೆ.

ಪರ್ಮಾಂಗನೇಟಿನ ವಿಷಯದಲ್ಲಿ ಅದು ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಗುಂಡಿನ ಮೇಲಿದೆಯೋ ಇದ್ದಿಲಿನ ಮೇಲಿದೆಯೋ ನೋಡಿ. ಅಲ್ಯುಮಿನಾ ಗುಂಡಾದರೆ ಒಂದನ್ನು ಒಡೆದರೆ ಸಾಕು: ಒಳಗೆ ನೇರಳೆ ಇದ್ದರೆ ಬದುಕಿದೆ, ನಡುವಿನ ತನಕ ಕಂದು ಹಬ್ಬಿದ್ದರೆ ಮುಗಿದಿದೆ. ಇದ್ದಿಲಿನ ಮೇಲೆ ಬಣ್ಣ ಕಾಣದು. 1 ಗ್ರಾಂ ಕಾಳನ್ನು 20 ಮಿ.ಲೀ. ನೀರಿನಲ್ಲಿ ಅಲುಗಿಸಿ, ನೀರು ಗುಲಾಬಿಯಾದರೆ ಪರ್ಮಾಂಗನೇಟ್ ಉಳಿದಿದೆ. ಎಷ್ಟೋ ಸಲ ಹೊಚ್ಚಹೊಸ ಚೀಲದಲ್ಲೂ ನೀರು ಬಣ್ಣ ಬಿಡುವುದಿಲ್ಲ. ಇದು ಮೋಸವೇ ಆಗಿರಬೇಕಿಲ್ಲ, ಇದ್ದಿಲು ತಾನೇ ಪರ್ಮಾಂಗನೇಟನ್ನು ಅಪಕರ್ಷಿಸಿ ಮ್ಯಾಂಗನೀಸ್ ಡೈಆಕ್ಸೈಡ್ ಮಾಡಿಬಿಡುತ್ತದೆ. ಅದಕ್ಕೂ ಫಾರ್ಮಾಲ್ಡಿಹೈಡ್ ಒಡೆಯುವ ಗುಣವಿದೆ, ಆದರೆ ನಿಧಾನ; ಹಾಗಾಗಿ ಅದಕ್ಕೆ ಹೆಚ್ಚು ಸಂಪರ್ಕ ಸಮಯ ಬೇಕು. ಪೂರ್ತಿ ಉತ್ಕರ್ಷಣೆಯ ಲೆಕ್ಕದಲ್ಲಿ 1 ಗ್ರಾಂ ಫಾರ್ಮಾಲ್ಡಿಹೈಡಿಗೆ 7 ಗ್ರಾಂ ಪರ್ಮಾಂಗನೇಟ್ ಖರ್ಚಾಗುತ್ತದೆ. 5 ಶೇಕಡಾ ಊಡಿಸಿದ ಗುಂಡು ಗ್ರಾಂಗೆ 7 ಮಿ.ಗ್ರಾಂ.ಗಿಂತ ಹೆಚ್ಚು ಹಿಡಿಯುತ್ತದೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

ತೀರಿದ ಊಡಿಕೆಯನ್ನು ಬಿಸಿಲಿಗೆ ಹಾಕಿ ಮರಳಿ ಪಡೆಯಲಾಗದು. ಬಿಸಿಲು ನೀರನ್ನೂ ಸಡಿಲವಾಗಿ ಕೂತ ಆವಿಗಳನ್ನೂ ಹೊರಹಾಕುತ್ತದೆ, ಅಷ್ಟೇ. ಜೊತೆಗೆ ಉಳಿದ ಅಮೈನನ್ನೂ ಸ್ವಲ್ಪ ಕಳೆಯುತ್ತದೆ.

ಹೊರಬಾಯಿಯಲ್ಲೇ ಹೆಚ್ಚು ಬಂದರೆ

ಇದು ಅಪರೂಪವಲ್ಲ. ಬರಿಯ ಇದ್ದಿಲು ಬೆರೆತಿದ್ದರೆ ತಂಪಿನಲ್ಲಿ ಹಿಡಿದದ್ದನ್ನು ಬಿಸಿಯಲ್ಲಿ ಬಿಡುತ್ತಿರಬಹುದು. 5 ಗ್ರಾಂ ಕಾಳನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ 40 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಮೇಲಿನ ಗಾಳಿಯನ್ನು ಪರೀಕ್ಷಿಸಿ. ಫಾರ್ಮಾಲ್ಡಿಹೈಡ್ ಸಿಕ್ಕರೆ ಅದು ಬೆಸೆದಿರಲಿಲ್ಲ, ಅಂಟಿಕೊಂಡಿತ್ತು ಅಷ್ಟೇ. ಸೀಸೆಯಲ್ಲಿ ಏನೂ ಸಿಗದಿದ್ದರೆ ಯಂತ್ರದ ಒಳಗೆ ನೋಡಿ. ಫಿಲ್ಟರಿನ ಚೌಕಟ್ಟು ಎಂಡಿಎಫ್ ಆಗಿದ್ದರೆ ಮೂಲ ಅಲ್ಲೇ ಇದೆ. ಅಯಾನು ಬಿಡುವ ಭಾಗವಿದ್ದರೆ ಅದನ್ನು ಆರಿಸಿ ಮತ್ತೆ ಅಳೆಯಿರಿ: ಅದರಿಂದ ಹುಟ್ಟುವ ಓಝೋನ್, ಸುಗಂಧಗಳಲ್ಲಿರುವ ಲಿಮೊನೀನಿನಂಥ ಆವಿಗಳ ಜೊತೆ ಸೇರಿ ಹೊಸದಾಗಿ ಫಾರ್ಮಾಲ್ಡಿಹೈಡ್ ಉಂಟುಮಾಡುತ್ತದೆ. ನೇರಳಾತೀತ ದೀಪದ ಬೆಳಕು-ವೇಗವರ್ಧಕ ಭಾಗವೂ ಆಲ್ಕೊಹಾಲ್ ಆವಿಯನ್ನು ಅರ್ಧಕ್ಕೆ ಒಡೆದು ಫಾರ್ಮಾಲ್ಡಿಹೈಡಿನಲ್ಲಿ ನಿಲ್ಲಿಸಬಲ್ಲದು.

ಅಮೋನಿಯಾದ ಅಥವಾ ಮೀನಿನಂಥ ವಾಸನೆ ಬಂದರೆ ಅಮೈನ್ ಆವಿಯಾಗುತ್ತಿದೆ ಎಂದರ್ಥ. ಎಥಿಲೀನ್ ಡೈಅಮೈನ್ ಊಡಿಸಿದ ಇದ್ದಿಲಿನಲ್ಲಿ ಇದನ್ನು ತಪ್ಪಿಸುವುದು ಕಷ್ಟ, ಅದು 117 ಡಿಗ್ರಿಗೇ ಕುದಿಯುತ್ತದೆ. ಪಾಲಿಎಥಿಲೀನ್ ಇಮೈನಿನಂಥ ಭಾರದ ಅಮೈನಿಗೆ ಬದಲಿಸಿ, ಅಥವಾ ಹೊರಬಾಯಿಯ ಬದಿಯಲ್ಲಿ ಫಾಸ್ಫಾರಿಕ್ ಆಮ್ಲ ಊಡಿಸಿದ ಇದ್ದಿಲಿನ ತೆಳು ಪದರ ಇಡಿ. ಎರಡು ಪದರಗಳು ಒಂದಕ್ಕೊಂದು ತಾಗದಂತೆ ನಡುವೆ ಬಲೆ ಮತ್ತು ಖಾಲಿ ಜಾಗ ಇರಲಿ. ಅಮೈನ್ ಇದ್ದಿಲನ್ನೂ ಪರ್ಮಾಂಗನೇಟ್ ಗುಂಡನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಲೇಬೇಡಿ.

ಫಿಲ್ಟರ್ ಸರಿ, ಕೋಣೆ ಸರಿಯಿಲ್ಲ

30 ಘನ ಮೀಟರಿನ ಕೋಣೆ, ಗಂಟೆಗೆ ಅರ್ಧ ಸಲ ಗಾಳಿ ಬದಲಾಗುತ್ತದೆ, ಅಂದರೆ 15 ಘನ ಮೀಟರ್. ಸ್ಥಿರ ಮಟ್ಟ 0.2 ಮಿ.ಗ್ರಾಂ. ಇದ್ದರೆ, ಹೊರಗಿನ ಗಾಳಿ ಶುದ್ಧವೆಂದುಕೊಂಡು, ಮೂಲದಿಂದ ಗಂಟೆಗೆ 3 ಮಿ.ಗ್ರಾಂ. ಬರುತ್ತಿದೆ. ಅದನ್ನು 0.05ಕ್ಕೆ ಇಳಿಸಲು ಗಂಟೆಗೆ 60 ಘನ ಮೀಟರ್ ಶುದ್ಧ ಗಾಳಿ ಬೇಕು. ಅದರಲ್ಲಿ 45 ಫಿಲ್ಟರಿನಿಂದ ಬರಬೇಕು. ಹರಿವು ಗುಣಿಸು ದಕ್ಷತೆ ಅಷ್ಟಾಗದಿದ್ದರೆ ಫಿಲ್ಟರ್ ಎಷ್ಟೇ ಆರೋಗ್ಯವಾಗಿದ್ದರೂ ಕೋಣೆ 0.05ಕ್ಕೆ ಬಾರದು. ವಾಸ್ತವದಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಬೇಕು, ಏಕೆಂದರೆ ಗಾಳಿಯಲ್ಲಿ ಮಟ್ಟ ಇಳಿದಷ್ಟೂ ಹಲಗೆ ಹೆಚ್ಚು ಬಿಡುತ್ತದೆ.

ಇದೇ ಲೆಕ್ಕದಿಂದ ಬಾಳಿಕೆಯೂ ಸಿಗುತ್ತದೆ. 45 ಘನ ಮೀಟರಿನಲ್ಲಿ 0.05 ಮಿ.ಗ್ರಾಂ. ಅಂದರೆ ಗಂಟೆಗೆ 2.25, ದಿನಕ್ಕೆ 54 ಮಿ.ಗ್ರಾಂ., ವರ್ಷಕ್ಕೆ ಸುಮಾರು 20 ಗ್ರಾಂ. 10 ಶೇಕಡಾ ಅಮೈನ್ ಇದ್ದಿಲಿಗೆ ಕಾಗದದ ಮೇಲಿನ ಸಾಮರ್ಥ್ಯ ಗ್ರಾಂಗೆ 50 ಮಿ.ಗ್ರಾಂ. ಇದ್ದರೂ ಇಷ್ಟು ಕಡಿಮೆ ಮಟ್ಟದ ಗಾಳಿಯಲ್ಲಿ 10 ಎಂದೇ ಹಿಡಿಯಿರಿ. ವರ್ಷಕ್ಕೆ 2 ಕಿಲೋ ಬೇಕಾಯಿತು. 200 ಗ್ರಾಂ ಫಿಲ್ಟರ್ ಅದೇ ಕೆಲಸವನ್ನು ಐದು ವಾರಕ್ಕಿಂತ ಹೆಚ್ಚು ಮಾಡಲಾರದು.

ಬಿಸಿ ಹೆಚ್ಚಿದ ದಿನ ಅಂಕಿ ಏರಿದರೆ ಫಿಲ್ಟರನ್ನು ಬೈಯಬೇಡಿ. ತಾಪ 10 ಡಿಗ್ರಿ ಏರಿದರೆ ಹಲಗೆಯಿಂದಾಗುವ ಮಟ್ಟ ಎರಡರಿಂದ ಮೂರು ಪಟ್ಟಾಗುವುದುಂಟು. ಹಲಗೆಗಳ ಕತ್ತರಿಸಿದ ಅಂಚು, ಕೊರೆದ ತೂತು, ಬೀರುವಿನ ಬಣ್ಣ ಕಾಣದ ಹಿಂಬದಿ ಇವುಗಳಿಂದಲೇ ಹೆಚ್ಚು ಸೋರುತ್ತದೆ. ಅಲ್ಲಿ ಅಂಚುಪಟ್ಟಿ ಅಂಟಿಸಿ, ವಾರ್ನಿಷ್ ಬಳಿದು ಮುಚ್ಚಿದರೆ ಇದ್ದಿಲಿನ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ಸ್ವತಃ ಊಡಿಸುವವರು ಮಾಡುವ ತಪ್ಪುಗಳು

100 ಗ್ರಾಂ ಇದ್ದಿಲಿಗೆ ನೀರನ್ನು ಹನಿಹನಿಯಾಗಿ ಸೇರಿಸಿ ಕಲಕುತ್ತಾ ಹೋಗಿ. ಕಾಳುಗಳು ಒಂದಕ್ಕೊಂದು ಅಂಟತೊಡಗಿದಾಗ ನಿಲ್ಲಿಸಿ. ಆ ನೀರಿನ ಅಳತೆಯೇ, ಬಹುಪಾಲು 60ರಿಂದ 80 ಮಿ.ಲೀ., ನಿಮ್ಮ ದ್ರಾವಣದ ಗಾತ್ರ. ಹೆಚ್ಚು ದ್ರಾವಣ ಹಾಕಿದರೆ ಅಮೈನ್ ಕಾಳಿನ ಹೊರಮೈಯಲ್ಲಿ ಹೆಪ್ಪುಗಟ್ಟಿ ರಂಧ್ರದ ಬಾಯಿ ಮುಚ್ಚುತ್ತದೆ. 10 ಗ್ರಾಂ ಅಮೈನನ್ನು ಅಷ್ಟು ನೀರಿನಲ್ಲಿ ಕರಗಿಸಿ ಸಿಂಪಡಿಸಿ, ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಬಿಟ್ಟು, 60 ಡಿಗ್ರಿಯಲ್ಲಿ ನಿರ್ವಾತದಲ್ಲಿ ಅಥವಾ ನೈಟ್ರೋಜನ್ ಹರಿವಿನಲ್ಲಿ ಒಣಗಿಸಿ. ಮಾಮೂಲಿ ಓವನ್ನಿನಲ್ಲಿ 110 ಡಿಗ್ರಿಗೆ ಇಟ್ಟರೆ ಅಮೈನ್ ಹಳದಿಯಾಗಿ ಉತ್ಕರ್ಷಿಸುತ್ತದೆ. ಹೆಚ್ಚು ಊಡಿಸಿದರೆ ಹೆಚ್ಚು ಕೆಲಸ ಎಂಬುದು ಸುಳ್ಳು. 5, 10, 20 ಶೇಕಡಾ ಮೂರನ್ನೂ ಮಾಡಿ ಹೋಲಿಸಿ. ಹೋಲಿಕೆಗೆ ಅಯೊಡಿನ್ ಸಂಖ್ಯೆಯನ್ನು (ಇದ್ದಿಲು ಎಷ್ಟು ಅಯೊಡಿನ್ ಹೀರುತ್ತದೆ ಎಂಬ ಅಳತೆ) ನಂಬಬೇಡಿ, ಅದರ ವಿಧಾನದಲ್ಲಿ ಇದ್ದಿಲನ್ನು ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸುವುದರಿಂದ ಊಡಿಕೆಯೇ ತೊಳೆದುಹೋಗುತ್ತದೆ.

ನೈಟ್ರಿಕ್ ಆಮ್ಲದ ಸಂಸ್ಕಾರದ ನಂತರ ಅಮೈನ್ ಊಡಿಸುವವರು ತೊಳೆದ ನೀರಿನ ಪಿಎಚ್ 5 ದಾಟುವ ತನಕ ತೊಳೆಯಬೇಕು. ಉಳಿದ ಆಮ್ಲ ಅಮೈನನ್ನು ಅಮೋನಿಯಂ ಲವಣವಾಗಿಸುತ್ತದೆ, ಅದು ಆಲ್ಡಿಹೈಡನ್ನು ಹಿಡಿಯದು. ಪರ್ಮಾಂಗನೇಟಿನ ಗಾಢ ದ್ರಾವಣವನ್ನು ಒಣ ಇದ್ದಿಲಿನ ಪುಡಿಯ ಮೇಲೆ ಸುರಿಯುವುದು ಅಪಾಯ: ಕ್ರಿಯೆ ಶಾಖ ಬಿಡುತ್ತದೆ, ಒಣಗಿಸುವಾಗ ರಾಶಿ ಹೊತ್ತಿಕೊಳ್ಳಬಹುದು. ತೆಳು ದ್ರಾವಣ, ತಣ್ಣನೆಯ ತಟ್ಟೆ, 2 ಸೆಂ.ಮೀ. ಮೀರದ ಪದರ, ಪಕ್ಕದಲ್ಲಿ ನೀರು ಇರಲಿ. ಅಮೈನ್ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕೈಗವಸು, ಕನ್ನಡಕ, ಹೊಗೆ ಎಳೆಯುವ ಗೂಡು ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಮಾಡಿದ ಇದ್ದಿಲನ್ನು ಪರೀಕ್ಷಿಸುವಾಗ ಫಾರ್ಮಲಿನ್ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ಬಾಟಲಿಯಿಂದ ಆವಿ ತೆಗೆಯುವುದು ಸಾಮಾನ್ಯ. ಅದರಲ್ಲಿ ಸ್ಥಿರತೆಗೆಂದು 10-15 ಶೇಕಡಾ ಮೆಥನಾಲ್ ಇರುತ್ತದೆ. ಮೆಥನಾಲ್ ಇದ್ದಿಲಿನ ಜಾಗಕ್ಕೆ ಪೈಪೋಟಿ ಮಾಡುತ್ತದೆ, ವಿದ್ಯುದ್ರಾಸಾಯನಿಕ ಮೀಟರಿಗೂ ಫಾರ್ಮಾಲ್ಡಿಹೈಡ್ ಆಗಿ ಕಾಣುತ್ತದೆ. ಒಳ್ಳೆಯ ಇದ್ದಿಲು ಕೆಟ್ಟದಾಗಿ ತೋರುವುದು ಹೀಗೆಯೇ. ಅದರ ಬದಲು ಪ್ಯಾರಾಫಾರ್ಮಾಲ್ಡಿಹೈಡನ್ನು (ಫಾರ್ಮಾಲ್ಡಿಹೈಡಿನ ಘನರೂಪ) ಸ್ಥಿರ ತಾಪದಲ್ಲಿ ಇಟ್ಟು ಅದರ ಮೇಲೆ ಶುದ್ಧ ಗಾಳಿ ಹಾಯಿಸಿ ಅನಿಲ ಪಡೆಯಿರಿ. ಗಾಜು ಅಥವಾ ಟೆಫ್ಲಾನ್ ಕೊಳವೆಗಳನ್ನೇ ಬಳಸಿ, ಇದ್ದಿಲು ಹಾಕುವ ಮೊದಲು ಖಾಲಿ ಕೊಳವೆಯಲ್ಲಿ ಅನಿಲ ಹಾಯಿಸಿ ಎರಡು ತುದಿಗಳ ಅಂಕಿ ಒಂದಾಗುವ ತನಕ ಕಾಯಿರಿ. ಪರೀಕ್ಷೆಯ ಗಾಳಿಯ ಆರ್ದ್ರತೆಯನ್ನು 50 ಶೇಕಡಾದಲ್ಲಿ ಇಡಿ. ಒಣ ಸಿಲಿಂಡರ್ ಗಾಳಿಯಲ್ಲಿ ಬಂದ ಫಲಿತಾಂಶ ಕೋಣೆಯಲ್ಲಿ ನಿಲ್ಲುವುದಿಲ್ಲ.